ಪಿಸಿಓಡಿ: ಕೋಲಾರದ ಒಂದು ಕ್ಲಿನಿಕ್ಕಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಹೆಣ್ಣುಮಕ್ಕಳ ಡಾಕ್ಟರಾಗಿ ಕೂತ ಮೇಲೆ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು ಇದು: "ಪಿಸಿಓಡಿ ಇದೆ ಅಂದ್ರು ಮೇಡಂ." ಪಿಸಿಓಡಿ ಎಂದರೆ ಹಾರ್ಮೋನು ಏರುಪೇರಾಗಿ, ಅಂಡಾಶಯದಿಂದ (ಓವರಿ) ಮೊಟ್ಟೆ ಹೊತ್ತಿಗೆ ಸರಿಯಾಗಿ ಹೊರಬರದೆ ಮುಟ್ಟು ತಪ್ಪುವ ತೊಂದರೆ. ಅಂದವರು ಯಾರು ಎಂದು ಕೇಳಿದರೆ ಒಮ್ಮೆ ಸ್ಕ್ಯಾನಿಂಗ್ ಸೆಂಟರ್, ಒಮ್ಮೆ ಮೆಡಿಕಲ್ ಸ್ಟೋರ್, ಇನ್ನೊಮ್ಮೆ ಯೂಟ್ಯೂಬ್. ಮುಳಬಾಗಿಲಿನಿಂದ ಬರಲಿ, ಮಾಲೂರಿನಿಂದ ಬರಲಿ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೊರಗೆ ಟೋಕನ್ ಹಿಡಿದು ಕೂತವರಿರುವಾಗ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ, ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಇದನ್ನು ಓದಿ ನೀವೇ ಮಾತ್ರೆ ಶುರುಮಾಡಬೇಡಿ, ಅಷ್ಟೆ.

ಪಿಸಿಓಡಿ ಬೇರೆ, ಪಿಸಿಓಎಸ್ ಬೇರೆನಾ?

ಒಂದೇ. "ಪಿಸಿಓಡಿ ಆದ್ರೆ ಪರವಾಗಿಲ್ಲ, ಪಿಸಿಓಎಸ್ ಆದ್ರೆ ಸೀರಿಯಸ್" ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳನ್ನು ನಂಬಬೇಡಿ. ನಮ್ಮ ಕಡೆ ಬಾಯಿಗೆ ಬಂದಿರುವ ಹೆಸರು ಪಿಸಿಓಡಿ, ವೈದ್ಯಕೀಯ ಪುಸ್ತಕದಲ್ಲಿರುವ ಹೆಸರು ಪಿಸಿಓಎಸ್. ನಾನಿಲ್ಲಿ ಬಾಯಿಮಾತಿನ ಹೆಸರನ್ನೇ ಬಳಸುತ್ತೇನೆ.

ಓವರಿಯಲ್ಲಿ ನೀರುಗುಳ್ಳೆ ತುಂಬಾ ಇದೆ ಅಂದ್ರು. ಆಪರೇಷನ್ ಮಾಡಿ ತೆಗೆಸಬೇಕಾ?

ಬೇಡ. ಅವು ಗುಳ್ಳೆಯೂ ಅಲ್ಲ, ಗಡ್ಡೆಯೂ ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮನೆಗಳಲ್ಲಿ ಅಳು ಎದ್ದಿದೆಯೋ ಲೆಕ್ಕವಿಲ್ಲ. ಪ್ರತಿ ಹೆಣ್ಣಿನ ಅಂಡಾಶಯದಲ್ಲೂ ಮೊಟ್ಟೆ ಇರುವ ಪುಟ್ಟ ಪುಟ್ಟ ಚೀಲಗಳಿರುತ್ತವೆ, ಫಾಲಿಕಲ್ ಎನ್ನುತ್ತೇವೆ. ತಿಂಗಳು ತಿಂಗಳೂ ಕೆಲವು ಬೆಳೆಯಲು ಹೊರಟು, ಒಂದು ಮಾತ್ರ ದೊಡ್ಡದಾಗಿ ಒಡೆದು ಮೊಟ್ಟೆ ಹೊರಬರುತ್ತದೆ. ಪಿಸಿಓಡಿ ಇರುವವರಲ್ಲಿ ಯಾವುದೂ ಗುರಿ ಮುಟ್ಟುವುದಿಲ್ಲ. 2ರಿಂದ 9 ಮಿಲಿಮೀಟರ್ ಹೊತ್ತಿಗೆ ನಿಂತುಬಿಡುತ್ತವೆ, ಗುಂಪಾಗಿ ಉಳಿಯುತ್ತವೆ. ಸ್ಕ್ಯಾನಿಂಗ್‌ನಲ್ಲಿ ಅಂಚಿನುದ್ದಕ್ಕೂ ಪೋಣಿಸಿದ ಮಣಿಗಳಂತೆ ಕಾಣುವುದು ಇವೇ. ಬೆಳೆಯದೆ ನಿಂತ ಮೊಟ್ಟೆಯ ಚೀಲವನ್ನು ಯಾಕೆ ಕತ್ತರಿಸಬೇಕು?

ಹಿಂದೆ ಕತ್ತರಿಸುತ್ತಿದ್ದರು, ಅದು ನಿಜ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 7 ಮಂದಿ ಹೆಂಗಸರನ್ನು ಕುರಿತು ಬರೆದರು. ಅಂಡಾಶಯದ ಒಂದೊಂದು ತುಂಡು ತೆಗೆದ ಮೇಲೆ ಅವರಿಗೆ ಮುಟ್ಟು ಮರಳಿ ಬಂದಿತ್ತು. ಆಗ ಬೇರೆ ಮಾತ್ರೆ ಇರಲಿಲ್ಲ. ಈಗಲೂ ಮಗುವಿಗಾಗಿ ಕಾಯುತ್ತಿರುವ ಕೆಲವರಲ್ಲಿ, ಮಾತ್ರೆ ಕೆಲಸ ಮಾಡದಾಗ, ದುರ್ಬೀನು ಹಾಕಿ ಅಂಡಾಶಯಕ್ಕೆ ಸಣ್ಣ ತೂತು ಕೊಡುವ ಚಿಕಿತ್ಸೆ ಉಂಟು. ಮದುವೆಯಾಗದ ಹತ್ತೊಂಬತ್ತರ ಹುಡುಗಿಗೆ "ಗುಳ್ಳೆ ತೆಗೆಸಿ" ಎಂದು ಯಾರಾದರೂ ಹೇಳಿದರೆ, ದುಡ್ಡು ಕಟ್ಟುವ ಮುಂಚೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದಿದ್ದಾರೆ. ಅಂದ ಮೇಲೆ ಇರೋದೇ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಲೋಕದಾದ್ಯಂತ ವೈದ್ಯರು ಬಳಸುವ ಅಳತೆ 2003ರಲ್ಲಿ ರಾಟರ್‌ಡ್ಯಾಂ ನಗರದಲ್ಲಿ ಕೂತು ಒಪ್ಪಿಕೊಂಡದ್ದು. ಮೂರು ಲಕ್ಷಣಗಳಲ್ಲಿ ಎರಡು ಇರಬೇಕು. ಒಂದು, ಮೊಟ್ಟೆ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವುದು. ಎರಡು, ಆಂಡ್ರೊಜೆನ್, ಅಂದರೆ ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು, ಹೆಚ್ಚಾಗಿರುವುದು. ಗದ್ದ, ಮೇಲ್ದುಟಿ, ಎದೆ, ಹೊಟ್ಟೆಯ ಮೇಲೆ ಒರಟು ಕೂದಲು ಬಂದಿರಬೇಕು, ಇಲ್ಲವೇ ರಕ್ತಪರೀಕ್ಷೆಯಲ್ಲಿ ಕಾಣಬೇಕು. ಮೂರು, ಸ್ಕ್ಯಾನಿಂಗ್‌ನಲ್ಲಿ ಆ ನೋಟ. ಇದರ ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಮುಂತಾದ ಬೇರೆ ಕಾರಣಗಳಿಲ್ಲ ಎಂದು ನೋಡಿಕೊಂಡಿರಬೇಕು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ದೊಡ್ಡವರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ಒಪ್ಪಿದೆ. ಮೊದಲೆರಡು ಲಕ್ಷಣ ಇದ್ದುಬಿಟ್ಟರೆ ಸ್ಕ್ಯಾನಿಂಗೇ ಬೇಕಾಗಿಲ್ಲ. ತಿಂಗಳು ತಿಂಗಳೂ ಸರಿಯಾಗಿ ಮುಟ್ಟಾಗುವ, ಮುಖದಲ್ಲಿ ಕೂದಲಿಲ್ಲದ ಹುಡುಗಿಗೆ ಸ್ಕ್ಯಾನಿಂಗ್‌ನಲ್ಲಿ ಮಾತ್ರ ಆ ನೋಟ ಕಂಡರೆ ಅದು ಕಾಯಿಲೆಯಲ್ಲ.

ಹಾಗಾಗಿ ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟ್ ಹೊರಗೆ ತೆಗೆಯುವ ಮುಂಚೆ ನಾನು ಕೇಳುವುದು ಮುಟ್ಟಿನ ತಾರೀಖು. ಅಲ್ಲೇ ತೊಡಕು. ನಮ್ಮದು ಹಾಲಿನ ಸೀಮೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಸು ಬೆದೆಗೆ ಬಂದ ದಿನ, ಸೂಜಿ ಹಾಕಿಸಿದ ದಿನ ಗುರುತಾಗಿರುತ್ತದೆ. 21 ದಿನಕ್ಕೆ ಮತ್ತೆ ಬೆದೆಗೆ ಬರದಿದ್ದರೆ ಗಬ್ಬ ನಿಂತಿದೆ ಎಂಬ ಲೆಕ್ಕ ಅಜ್ಜಿಗೆ ಬಾಯಿಪಾಠ. ಅದೇ ಮನೆಯ ಹುಡುಗಿಗೆ ಕಳೆದ ಸಲ ಮುಟ್ಟಾದದ್ದು ಯಾವತ್ತು ಎಂದರೆ ಅಮ್ಮ ಮಗಳ ಮುಖ ನೋಡುತ್ತಾರೆ, ಮಗಳು ಫ್ಯಾನ್ ನೋಡುತ್ತಾಳೆ. "ಹಬ್ಬದ ಮುಂಚೆ ಆಗಿತ್ತು ಅನ್ಸುತ್ತೆ." ಯಾವ ಹಬ್ಬ?

ದೊಡ್ಡವರಲ್ಲಿ 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬಂದರೆ, ಇಲ್ಲವೇ ವರ್ಷಕ್ಕೆ 8ಕ್ಕಿಂತ ಕಡಿಮೆ ಸಲ ಆದರೆ ಏರುಪೇರು ಎನ್ನುತ್ತೇವೆ. ಮುಟ್ಟಾದ ಮೊದಲ ದಿನಕ್ಕೆ ಒಂದು ಸುತ್ತು ಹಾಕಿ. ಹಸುವಿನ ಗುರುತಿನ ಪಕ್ಕದಲ್ಲೇ ಹಾಕಿದರೂ ಅಡ್ಡಿಯಿಲ್ಲ.

ಮಗಳಿಗೆ 14 ವರ್ಷ. ದೊಡ್ಡವಳಾಗಿ ಒಂದು ವರ್ಷ ಆಯ್ತು, ಎರಡು ತಿಂಗಳಿಗೊಂದು ಸಲ ಆಗ್ತಾಳೆ. ಪಿಸಿಓಡಿನಾ?

ಈಗಲೇ ಆ ಹಣೆಪಟ್ಟಿ ಬೇಡ. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಒಂದರಿಂದ ಮೂರು ವರ್ಷದೊಳಗೆ 45 ದಿನದವರೆಗೂ ಕಾಯಬಹುದು. ಒಂದು ವರ್ಷ ಕಳೆದ ಮೇಲೂ ಯಾವಾಗಲಾದರೂ 90 ದಿನ ದಾಟಿದರೆ, ಅಥವಾ 15 ತುಂಬಿದರೂ ಮುಟ್ಟೇ ಶುರುವಾಗದಿದ್ದರೆ ಕರೆದುಕೊಂಡು ಬನ್ನಿ.

ಈ ವಯಸ್ಸಿನವರಿಗೆ ಸ್ಕ್ಯಾನಿಂಗ್ ಮಾಡಿಸಿ ಪಿಸಿಓಡಿ ಎನ್ನುವುದು ತಪ್ಪು. ಮೈನೆರೆದ 8 ವರ್ಷದವರೆಗೂ ಆರೋಗ್ಯವಂತ ಹುಡುಗಿಯರ ಅಂಡಾಶಯವೇ ಎಷ್ಟೋ ಸಲ ಹಾಗೆ ಕಾಣುತ್ತದೆ. ಹದಿಹರೆಯದಲ್ಲಿ ಮುಟ್ಟಿನ ಏರುಪೇರು ಮತ್ತು ಆಂಡ್ರೊಜೆನ್ ಎರಡೂ ಇದ್ದರೆ ಮಾತ್ರ ಪಿಸಿಓಡಿ ಎನ್ನಬೇಕು. ಒಂದೇ ಇದ್ದರೆ "ಮುಂದೆ ಬರಬಹುದು, ಗಮನಿಸೋಣ" ಎಂದು ಹೇಳಿ, ಊಟ ಆಟದ ಕಡೆ ತಿದ್ದಿ, ಕೆಲವು ವರ್ಷ ಬಿಟ್ಟು ಮತ್ತೆ ನೋಡುತ್ತೇವೆ.

ಮದುವೆಯಾಗದ ಹುಡುಗಿಗೆ ಒಳಗಿನಿಂದ ಸ್ಕ್ಯಾನ್ ಮಾಡ್ತಾರಾ?

ಇಲ್ಲ. ಹೊಟ್ಟೆಯ ಮೇಲಿನಿಂದ ಮಾಡುತ್ತಾರೆ. ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕು, ಕಷ್ಟ ಅಷ್ಟೇ.

ನನಗ್ಯಾಕೆ ಬಂತು? ನಾನೇನು ತಪ್ಪು ಮಾಡಿದೆ?

ಏನೂ ಮಾಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ, ಹೆಚ್ಚಿನವರಿಗೆ ಇದೆಯೆಂದೇ ಗೊತ್ತಿಲ್ಲ. ಅಮ್ಮ, ಅಕ್ಕ, ಚಿಕ್ಕಮ್ಮನಿಗಿದ್ದರೆ ಬರುವ ಸಾಧ್ಯತೆ ಹೆಚ್ಚು. ಅಪ್ಪನ ಕಡೆ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ನಾನು ಬರೆದುಕೊಳ್ಳುತ್ತೇನೆ.

ಒಳಗೆ ನಡೆಯುವುದೇನು ಎಂದರೆ, ಹೆಚ್ಚಿನವರಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನು ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಮನೆಯಲ್ಲಿ ಕಿವಿ ಮಂದವಾದ ತಾತ ಇದ್ದಾರೆಂದುಕೊಳ್ಳಿ. ಅವರಿಗೆ ಕೇಳಲೆಂದು ನಾವು ಕಿರುಚುತ್ತೇವೆ. ತಾತನಿಗೆ ಆಗ ಕೇಳಿಸುತ್ತದೆ, ಆದರೆ ಕಿವಿ ಚೆನ್ನಾಗಿರುವ ಪಕ್ಕದ ಮನೆಯವರಿಗೆ ತಲೆ ಚಿಟ್ಟುಹಿಡಿಯುತ್ತದೆ. ಸ್ನಾಯು ಮತ್ತು ಲಿವರ್ ಇಲ್ಲಿ ತಾತನ ಹಾಗೆ, ಮಾಮೂಲಿ ಇನ್ಸುಲಿನ್‌ಗೆ ಓಗೊಡುವುದಿಲ್ಲ. ಅದಕ್ಕೇ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಹೆಚ್ಚೆಚ್ಚು ಸುರಿಯುತ್ತದೆ. ಅಂಡಾಶಯದ ಕಿವಿ ಮಾತ್ರ ಚೆನ್ನಾಗಿರುತ್ತದೆ. ಆ ಕಿರುಚಾಟಕ್ಕೆ ಅದು ಬೇಕಾದ್ದಕ್ಕಿಂತ ಹೆಚ್ಚು ಆಂಡ್ರೊಜೆನ್ ತಯಾರಿಸುತ್ತದೆ. ಮೊಡವೆ, ಗದ್ದದ ಕೂದಲು, ಬೆಳೆಯದೆ ನಿಂತ ಮೊಟ್ಟೆ, ತಪ್ಪಿದ ಮುಟ್ಟು ಎಲ್ಲದರ ಹಿಂದೆಯೂ ಅದರ ಕೈವಾಡವಿದೆ.

ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ ದಪ್ಪಗೆ ಆಗಿರುವುದನ್ನು "ಕೊಳೆ" ಎಂದು ತೆಂಗಿನ ನಾರು ಹಾಕಿ ಉಜ್ಜುತ್ತಾರೆ. ಚರ್ಮ ಕಿತ್ತು ಬರುವ ಹಾಗೆ ಉಜ್ಜಿಸಿಕೊಂಡ ಹುಡುಗಿಯರನ್ನು ನೋಡಿದ್ದೇನೆ. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿದೆ ಎಂದು ಚರ್ಮ ಹೇಳುತ್ತಿದೆ. ದಯವಿಟ್ಟು ಉಜ್ಜಬೇಡಿ.

ನಾನು ತೆಳ್ಳಗಿದ್ದೀನಲ್ಲ, ನನಗೆ ಹೇಗೆ?

ತೆಳ್ಳಗಿರುವವರಿಗೂ ಬರುತ್ತದೆ. ತೂಕ ಹೆಚ್ಚಿದ್ದರೆ ಲಕ್ಷಣಗಳು ಜೋರಾಗುತ್ತವೆ, ತೂಕವೇ ಕಾರಣವೆಂದಲ್ಲ. ನಿಮಗೆ ತೂಕ ಇಳಿಸುವ ಸಲಹೆ ಬೇಡ, ಉಳಿದದ್ದೆಲ್ಲ ಅದೇ.

ಮುಟ್ಟು ಬರದಿದ್ರೆ ಆರಾಮಲ್ವಾ? ಹೊಲದ ಕೆಲಸಕ್ಕೂ ಅನುಕೂಲ.

ಈ ಮಾತನ್ನು ನಗುತ್ತಾ ಹೇಳುತ್ತಾರೆ, ಹೇಳುವವರ ಕಷ್ಟ ನನಗೂ ಗೊತ್ತು. ಟೊಮ್ಯಾಟೊ ಬಿಡಿಸುವ ಹೊಲದಲ್ಲಿ ಬಟ್ಟೆ ಬದಲಿಸಲು ಜಾಗವೆಲ್ಲಿ? ಆದರೆ ಇದನ್ನು ಸುಮ್ಮನೆ ಬಿಡುವ ಹಾಗಿಲ್ಲ. ಮೊಟ್ಟೆ ಬಿಡುಗಡೆಯಾದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬಂದು ಗರ್ಭಕೋಶದ ಒಳಪದರವನ್ನು ಹದದಲ್ಲಿಡುತ್ತದೆ. ಬಿಡುಗಡೆಯಾಗದಿದ್ದರೆ ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನು ಒಂದೇ ಆ ಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಒಂದು ದಿನ ನಿಲ್ಲದ ರಕ್ತಸ್ರಾವವಾಗಬಹುದು. ಮುಂದೆ ಆ ಪದರದ ಕ್ಯಾನ್ಸರ್ ಬರುವ ಸಾಧ್ಯತೆಯೂ ಇತರರಿಗಿಂತ ಹೆಚ್ಚು. ಹೆದರಬೇಡಿ, ಒಟ್ಟಾರೆ ನೋಡಿದರೆ ಅದು ಅಪರೂಪವೇ.

90 ದಿನ ದಾಟಿದರೆ ಬನ್ನಿ ಎನ್ನುವುದು ಇದಕ್ಕೇ. ಪ್ರೊಜೆಸ್ಟರಾನ್ ಜಾತಿಯ ಮಾತ್ರೆಯನ್ನು 10ರಿಂದ 14 ದಿನ ಕೊಟ್ಟು ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮುಟ್ಟಾಗುತ್ತದೆ. ಮದುವೆಯಾದವರಿಗೆ ಮೊದಲು ಮೂತ್ರಪರೀಕ್ಷೆ ಮಾಡಿ ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಳ್ಳುತ್ತೇವೆ. ಮದುವೆಯಾಗದವರನ್ನು ಅಮ್ಮ ಹೊರಗೆ ಹೋದ ಮೇಲೆ ಕೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರನ್ನೂ ಕೇಳುತ್ತೇನೆ.

ಪಪ್ಪಾಯಿ, ಎಳ್ಳು ಬೆಲ್ಲ ತಿಂದ್ರೆ ಆಗುತ್ತಂತೆ?

ಎಳ್ಳುಂಡೆ ರುಚಿಗೆ ತಿನ್ನಿ. ಅದರಿಂದ ಮೊಟ್ಟೆ ಬಿಡುಗಡೆಯಾಗುವುದಿಲ್ಲ. ಇದಕ್ಕಿಂತ ನನಗೆ ಚಿಂತೆ ಮೆಡಿಕಲ್ ಸ್ಟೋರಿನಲ್ಲಿ "ಡೇಟ್ ಬರೋ ಮಾತ್ರೆ" ಎಂದು ಚೀಟಿಯಿಲ್ಲದೆ ತಂದು ನುಂಗುವವರದು. ಮುಟ್ಟು ಬಂತು, ಸರಿಹೋಯಿತು ಎಂದುಕೊಳ್ಳುತ್ತಾರೆ. ಮುಟ್ಟು ಯಾಕೆ ನಿಂತಿತ್ತೆಂದು ಯಾರೂ ನೋಡಿರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೋ ಜಾತ್ರೆಗೋ ಮುಟ್ಟು ಮುಂದೂಡುವ ಮಾತ್ರೆ ತಗೊಂಡಿದ್ದರಿಂದಲೇ ಪಿಸಿಓಡಿ ಬಂತಾ ಎಂದೂ ಕೇಳುತ್ತಾರೆ. ಇಲ್ಲ, ಅದರಿಂದ ಬರುವುದಿಲ್ಲ.

ಮುದ್ದೆ ತಿನ್ನಬಹುದಾ ಬಿಡಬೇಕಾ?

ಕೋಲಾರದವರಿಗೆ ಮುದ್ದೆ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಆದರೆ ಮುದ್ದೆಯ ಸುತ್ತ ಒಂದು ಭ್ರಮೆ ಇದೆ. "ರಾಗಿಯಲ್ಲಿ ಶುಗರ್ ಇಲ್ಲ, ಎಷ್ಟು ಬೇಕಾದರೂ ತಿನ್ನಬಹುದು." ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅಕ್ಕಿಗಿಂತ ನಾರು ಹೆಚ್ಚು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಹೊಟ್ಟೆ ತುಂಬಿದ ಹಾಗಿರುತ್ತದೆ. ಒಳ್ಳೆಯ ಧಾನ್ಯ, ಔಷಧಿಯಲ್ಲ. ಹೊಲದಲ್ಲಿ ಗುದ್ದಲಿ ಹಿಡಿಯುವ ಅಪ್ಪನ ಮುದ್ದೆ, ಫ್ಯಾಕ್ಟರಿಯಲ್ಲಿ ಕೂತು ಕೆಲಸ ಮಾಡುವ ಮಗಳ ಮುದ್ದೆ ಒಂದೇ ಗಾತ್ರ ಇರಬೇಕಾಗಿಲ್ಲ. ರಾಗಿ ಮಾಲ್ಟ್ ಎಂದು ಸಕ್ಕರೆ ಸುರಿದು ಕುಡಿಯುವುದು ಮುದ್ದೆಯ ಲೆಕ್ಕಕ್ಕೆ ಬರುವುದಿಲ್ಲ.

ಮುದ್ದೆಗಿಂತ ಮುದ್ದೆ ಅದ್ದುವ ಬಟ್ಟಲನ್ನು ನೋಡಿ. ಮಸ್ಸೊಪ್ಪು, ಬಸ್ಸಾರಿನ ಪಲ್ಯ, ಮೊಳಕೆ ಹುರುಳಿಕಾಳು, ಚಳಿಗಾಲದಲ್ಲಿ ಹಿದುಕಿದ ಅವರೆಬೇಳೆ: ನಮ್ಮ ಅಜ್ಜಿಯರ ಅಡುಗೆಯಲ್ಲಿ ಕಾಳು ಸೊಪ್ಪು ಯಥೇಚ್ಛವಾಗಿತ್ತು. ಈಗ ಎಷ್ಟೋ ಮನೆಗಳಲ್ಲಿ ಸಾರು ತೆಳುವಾಗಿದೆ, ಕಾಳು ತಳದಲ್ಲೆಲ್ಲೋ ಇದೆ, ಮುದ್ದೆಯ ಮೇಲೆ ಅನ್ನ ಬೇರೆ. ಮುದ್ದೆ ಅಥವಾ ಅನ್ನ, ಒಂದು ಹೊತ್ತಿಗೆ ಒಂದು. ತಟ್ಟೆಯಲ್ಲಿ ಅರ್ಧ ತರಕಾರಿ ಸೊಪ್ಪು, ಉಳಿದರ್ಧದಲ್ಲಿ ಕಾಳು ಅಥವಾ ಮೊಟ್ಟೆ, ಮೀನು, ಕೋಳಿಗೂ ಜಾಗ ಇರಲಿ. ಬೆಂಗಳೂರಿಗೆ ಹೋಗಿ ಬರುವವರು ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ, ತಿಂಡಿ ಬಿಟ್ಟು, ಹನ್ನೊಂದಕ್ಕೆ ಬೇಕರಿಯ ಪಫ್ಸು ತಿಂದು, ಮಧ್ಯೆ ನಾಲ್ಕು ಸಲ ಸಕ್ಕರೆ ಟೀ ಕುಡಿಯುತ್ತಾರೆ. ನನಗೆ ಕೈಹಾಕಬೇಕೆನಿಸುವುದು ಮೊದಲು ಆ ಟೀಗೆ, ಆಮೇಲೆ ಆ ಪಫ್ಸಿಗೆ.

ಪಿಸಿಓಡಿಗೆಂದೇ ಇರುವ ವಿಶೇಷ ಡಯಟ್ ಯಾವುದೂ ಇಲ್ಲ. 2023ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಇಂಥ ಪದ್ಧತಿಯೇ ಮೇಲು ಎನ್ನಲು ಆಧಾರವಿಲ್ಲ, ಬಿಡದೆ ನಡೆಸಲಾಗುವ ಊಟ ಯಾವುದೋ ಅದೇ ಆದೀತು. ತೂಕ ಹೆಚ್ಚಿದ್ದವರು 100ಕ್ಕೆ 5ರಿಂದ 10 ಪಾಲು ಇಳಿಸಿದರೂ ಹಲವರಿಗೆ ಮುಟ್ಟು ಹಾದಿಗೆ ಬರುತ್ತದೆ. 70 ಕೆಜಿ ಇದ್ದವರಿಗೆ ಅದು ಮೂರೂವರೆಯಿಂದ ಏಳು ಕೆಜಿ.

ಹಾಲು ಬಿಡಬೇಕಂತೆ? ಮಾವಿನಹಣ್ಣು?

ಹಾಲು ಬಿಡಲೇಬೇಕು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಡೈರಿಗೆ ಹಾಕಿ ಉಳಿದದ್ದನ್ನು ಸಕ್ಕರೆಯಿಲ್ಲದೆ ಕುಡಿಯಿರಿ, ಮೊಸರು ಮಜ್ಜಿಗೆ ಮಾಡಿಕೊಳ್ಳಿ. ಶ್ರೀನಿವಾಸಪುರದವರಿಗೆ ಸೀಸನ್ನಿನಲ್ಲಿ ಮಾವು ಮುಟ್ಟಬೇಡಿ ಎಂದರೆ ನನ್ನನ್ನೇ ಓಡಿಸುತ್ತಾರೆ. ಊಟದ ಮೇಲೆ ಮೂರಲ್ಲ, ಸಂಜೆ ಹಸಿದಾಗ ಒಂದು. ಜ್ಯೂಸ್ ಮಾಡಬೇಡಿ.

ಮನೆಕೆಲಸ ಎಲ್ಲ ನಾನೇ ಮಾಡ್ತೀನಿ. ಅದು ಸಾಲಲ್ವಾ?

ದಣಿವಾಗುತ್ತದೆ, ನಿಜ. ದಣಿವು ಬೇರೆ, ವ್ಯಾಯಾಮ ಬೇರೆ. ಎದೆಬಡಿತ ಹೆಚ್ಚಾಗಿ, ಮಾತಾಡಬಹುದು ಆದರೆ ಹಾಡು ಹೇಳಲಾಗದು ಎನ್ನುವಷ್ಟು ಉಸಿರು ಬರಬೇಕು. ವಾರಕ್ಕೆ 150 ನಿಮಿಷವಾದರೂ ಹಾಗೆ ನಡೆಯಿರಿ. ತೂಕ ಇಳಿಸುವವರಿಗೆ ಇನ್ನೂ ಹೆಚ್ಚು ಬೇಕು. ವಾರಕ್ಕೆರಡು ದಿನ ಸ್ನಾಯುವಿಗೆ ಬಲ ಬರುವಂಥದ್ದು ಮಾಡಿ: ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಇನ್ಸುಲಿನ್ ಮಾತು ಕೇಳದ ಸ್ನಾಯುವಿಗೆ ಕಿವಿ ಬರುವುದು ಹೀಗೆ, ತೂಕ ಒಂದು ಗ್ರಾಂ ಇಳಿಯದಿದ್ದರೂ. ಕೋಲಾರ ಪೇಟೆಯವರಿಗೆ ಅಂತರಗಂಗೆಯ ಮೆಟ್ಟಿಲುಗಳಿವೆ. ಒಬ್ಬರೇ ಹೋಗಬೇಡಿ, ಕೋತಿಗೆ ಕಾಣುವಂತೆ ತಿಂಡಿ ಹಿಡಿಯಬೇಡಿ. ಹಳ್ಳಿಯಲ್ಲಿ ಹುಡುಗಿ ಸುಮ್ಮನೆ ರಸ್ತೆಯಲ್ಲಿ ನಡೆದರೆ ಎಲ್ಲಿಗೆ ಎಂದು ಹತ್ತು ಜನ ಕೇಳುತ್ತಾರೆ. ಅಂಥವರಿಗೆ ಮನೆ ಮೇಲಿನ ತಾರಸಿ, ಸ್ಕಿಪ್ಪಿಂಗ್ ಹಗ್ಗ.

ನರಸಾಪುರದಲ್ಲಿ ನೈಟ್ ಶಿಫ್ಟ್. ಅದಕ್ಕೇ ಹೀಗಾಯ್ತಾ?

ಶಿಫ್ಟಿನಿಂದಲೇ ಪಿಸಿಓಡಿ ಬಂತು ಎನ್ನಲಾಗದು. ನಿದ್ದೆಗೆಟ್ಟರೆ, ಊಟದ ಹೊತ್ತು ದಿನಕ್ಕೊಂದಾದರೆ ಇದ್ದದ್ದು ಹದಗೆಡುತ್ತದೆ. ರಾತ್ರಿ ಪಾಳಿಯಿಂದ ಬಂದು ಮೊಬೈಲ್ ನೋಡುತ್ತಾ ಹತ್ತರ ತನಕ ಎದ್ದಿರಬೇಡಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ. ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ಹೇಳಿ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಪಿಸಿಓಡಿ ಇರುವವರಲ್ಲಿ ಹೆಚ್ಚು.

ಮದುವೆಯಾಗದ ಮಗಳಿಗೆ ಮಕ್ಕಳಾಗದ ಮಾತ್ರೆ ಬರೆದಿದ್ದಾರಲ್ಲ ಡಾಕ್ಟ್ರಮ್ಮ!

ಮಾತ್ರೆಯ ಡಬ್ಬಿ ಮೇಜಿನ ಮೇಲೆ ಕುಕ್ಕಿ ಕೇಳಿದ ತಾಯಂದಿರೂ ಇದ್ದಾರೆ. ಹೌದು, ಅದೇ ಮಾತ್ರೆ. ಅದರಲ್ಲಿರುವ ಎರಡು ಹಾರ್ಮೋನುಗಳು ಗರ್ಭಕೋಶದ ಪದರವನ್ನು ಕಾಯುತ್ತವೆ, ಆಂಡ್ರೊಜೆನ್ ತಗ್ಗಿಸುತ್ತವೆ, ಮೊಡವೆ ಕೂದಲಿಗೂ ಉಪಕಾರಿ. ಮುಂದೆ ಮಕ್ಕಳಾಗದಂತೆ ಮಾಡುವುದಿಲ್ಲ, ನಿಲ್ಲಿಸಿದ ಮೇಲೆ ಅದರ ಕೆಲಸ ಮುಗಿಯಿತು. ನಿಲ್ಲಿಸಿದಾಗ ಮುಟ್ಟು ಮತ್ತೆ ತಪ್ಪಿದರೆ ಅದು ಮಾತ್ರೆ ಮಾಡಿದ ಹಾಳಲ್ಲ, ಮೊದಲಿದ್ದ ಪಿಸಿಓಡಿ ಅಲ್ಲೇ ಇದೆ ಎಂದರ್ಥ.

ಎಲ್ಲರಿಗೂ ಇದು ಹೊಂದುವುದಿಲ್ಲ. ಬಿಪಿ ಇದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣೆದುರು ಮಿಂಚು ಬಂದು ಆಮೇಲೆ ತಲೆನೋವು ಬರುವ ಮೈಗ್ರೇನ್ ಇರುವವರು ಮೊದಲೇ ತಿಳಿಸಬೇಕು. ದುಬಾರಿ ಮಾತ್ರೆಯೇ ಮೇಲು ಎಂದೇನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಕೂಡ ಇದೇ ಜಾತಿಯದು. ನಿಮಗೆ ಯಾವುದೆಂದು ಬಿಪಿ ನೋಡಿದವರು ನಿರ್ಧರಿಸಲಿ.

ನನಗೆ ಶುಗರ್ ಇಲ್ಲ. ಶುಗರ್ ಮಾತ್ರೆ ಯಾಕೆ?

ಮೆಟ್‌ಫಾರ್ಮಿನ್ ಬಗ್ಗೆ ಕೇಳುತ್ತಿದ್ದೀರಿ. ಶುಗರ್ ಇಳಿಸಲಿಕ್ಕಲ್ಲ, ಇನ್ಸುಲಿನ್ ಕಿರುಚಾಟ ತಗ್ಗಿಸಲಿಕ್ಕೆ. ಎಲ್ಲರಿಗೂ ಬೇಕಾಗಿಲ್ಲ. ಮೊದಮೊದಲು ಹೊಟ್ಟೆ ತೊಳೆಸಿದಂತೆ, ಭೇದಿ ಆಗಬಹುದು. 500 ಮಿಲಿಗ್ರಾಂನಿಂದ ಶುರುಮಾಡಿ ಊಟದ ಜೊತೆ ತೆಗೆದುಕೊಂಡು ನಿಧಾನ ಏರಿಸಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಮಾಂಸ ಮೊಟ್ಟೆ ತಿನ್ನದವರು ಪರೀಕ್ಷೆ ಮಾಡಿಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ.

ಶುಗರ್ ಇಲ್ಲ ಎಂದಿರಲ್ಲ, ಅದನ್ನು ಹೇಗೆ ನೋಡಿದಿರಿ? ಖಾಲಿ ಹೊಟ್ಟೆಯ ಒಂದು ಹನಿ ರಕ್ತ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಬೇಕು. 140ರೊಳಗಿದ್ದರೆ ಸರಿ, 200 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಹೊಸ್ತಿಲಲ್ಲಿದ್ದೀರಿ. ಸರಿ ಇದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ.

ಗದ್ದದ ಕೂದಲಿಗೆ ಏನು ಮಾಡಲಿ? ಕಾಲೇಜಿಗೆ ದುಪಟ್ಟಾ ಮುಚ್ಚಿಕೊಂಡು ಹೋಗ್ತೀನಿ.

ರೇಜರ್ ಬಳಸಿದರೆ, ದಾರದಲ್ಲಿ ತೆಗೆಸಿದರೆ ಇನ್ನೂ ದಪ್ಪ ಬರುತ್ತದೆ ಎನ್ನುವುದು ಸುಳ್ಳು, ಧೈರ್ಯವಾಗಿ ತೆಗೆಯಿರಿ. ಮಾತ್ರೆ ಹೊಸ ಕೂದಲನ್ನು ತೆಳ್ಳಗೆ ಮಾಡುತ್ತದೆ, ಇದ್ದದ್ದನ್ನು ಉದುರಿಸುವುದಿಲ್ಲ. ಹಾಗಾಗಿ ಆರು ತಿಂಗಳಾದರೂ ಕಾಯಬೇಕು. ಒಂದೂವರೆ ತಿಂಗಳಿಗೇ "ಏನೂ ಆಗಿಲ್ಲ" ಎಂದು ಬಿಡುವವರೇ ಹೆಚ್ಚು. ಕಪ್ಪು ದಪ್ಪ ಕೂದಲಿಗೆ ಲೇಸರ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಹಲವು ಸಲ ಹೋಗಬೇಕು, ಖರ್ಚೂ ಇದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಕೊಟ್ಟರೆ ಆ ಅವಧಿಯಲ್ಲಿ ಗರ್ಭ ನಿಲ್ಲಬಾರದು.

ಒಂದು ಎಚ್ಚರಿಕೆ. ಎರಡು ಮೂರು ತಿಂಗಳಲ್ಲೇ ಕೂದಲು ಬುಗ್ಗೆಂದು ಬಂದು, ದನಿ ಗಡಸಾದರೆ ಅದು ಪಿಸಿಓಡಿಯ ನಡೆಯಲ್ಲ. ತಕ್ಷಣ ಬನ್ನಿ, ಗಡ್ಡೆ ಇದೆಯೇ ಎಂದು ನೋಡಬೇಕು.

ಮಕ್ಕಳಾಗುತ್ತಾ?

ಹೆಚ್ಚಿನವರಿಗೆ ಆಗುತ್ತದೆ. ಕೆಲವರಿಗೆ ತಾನಾಗಿ, ಕೆಲವರಿಗೆ ಮಾತ್ರೆಯ ಸಹಾಯದಿಂದ. ಮೊಟ್ಟೆ ಇಲ್ಲವೆಂದಲ್ಲ, ಹೊತ್ತಿಗೆ ಸರಿಯಾಗಿ ಹೊರಬರುತ್ತಿಲ್ಲ ಅಷ್ಟೆ. ಅದನ್ನು ಹೊರತರಲು ಈಗ ಮೊದಲು ಕೊಡುವ ಮಾತ್ರೆ ಲೆಟ್ರೊಜೋಲ್, ಮುಟ್ಟಿನ ಶುರುವಿನಲ್ಲಿ 5 ದಿನ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 750 ಹೆಂಗಸರಿದ್ದರು. ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ 27.5, ಹಳೆಯ ಕ್ಲೋಮಿಫಿನ್ ತೆಗೆದುಕೊಂಡವರಲ್ಲಿ 19.1 ಮಂದಿ ಮಗು ಹೆತ್ತರು.

ಮೊಬೈಲಿನಲ್ಲಿ ಹುಡುಕಿದರೆ "ಕ್ಯಾನ್ಸರ್ ಮಾತ್ರೆ" ಎಂದು ಬರುತ್ತದೆ, ಗಂಡ ಹೆಂಡತಿ ಇಬ್ಬರೂ ಬೆವರುತ್ತಾ ಬರುತ್ತಾರೆ. ಸ್ತನ ಕ್ಯಾನ್ಸರಿಗೂ ಅದನ್ನು ಬಳಸುತ್ತಾರೆ, ನಿಜ. ನಮ್ಮ ದೇಶದಲ್ಲಿ 2011ರಲ್ಲಿ ಇದನ್ನು ಬಂಜೆತನದ ಚಿಕಿತ್ಸೆಗೆ ನಿಷೇಧಿಸಿದ್ದರು, 2017ರಲ್ಲಿ ನಿಷೇಧ ತೆಗೆದರು. ಹಳೆಯ ಸುದ್ದಿ ಇನ್ನೂ ಅಂತರ್ಜಾಲದಲ್ಲಿ ತಿರುಗುತ್ತಿದೆ.

ನಾನು ಪಟ್ಟು ಹಿಡಿಯುವುದು ಇನ್ನೊಂದಕ್ಕೆ. ಹೆಂಡತಿಗೆ ಪಿಸಿಓಡಿ ಎಂದು ಗೊತ್ತಾದ ಕೂಡಲೇ ಗಂಡನನ್ನು ಎಲ್ಲರೂ ಮರೆಯುತ್ತಾರೆ. ಅವರ ವೀರ್ಯಪರೀಕ್ಷೆ ಆಗದೆ ಇವರಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಅನ್ಯಾಯ. "ನಮ್ಮ ಹುಡುಗನಿಗೇನಾಗಿದೆ?" ಎಂದ ಅತ್ತೆಯರಿಗೆ, ಏನೂ ಆಗಿಲ್ಲವೆಂದು ಕಾಗದದಲ್ಲೇ ನೋಡೋಣ ಎನ್ನುತ್ತೇನೆ. ಐವಿಎಫ್ (ಟೆಸ್ಟ್‌ಟ್ಯೂಬ್ ಮಗುವಿನ ಚಿಕಿತ್ಸೆ) ಬೇಕಾಗುವುದು ಕೆಲವರಿಗೆ ಮಾತ್ರ, ಅದು ಕೊನೆಯ ಮೆಟ್ಟಿಲು. ಗರ್ಭ ನಿಂತ ಮೇಲೆ ಶುಗರ್, ಬಿಪಿ ಬರುವ ಸಂಭವ ಹೆಚ್ಚಿರುವುದರಿಂದ ಗ್ಲೂಕೋಸ್ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದ ನಡುವೆ ಮತ್ತೊಮ್ಮೆ.

ಮಗು ಈಗ ಬೇಡ ಎನ್ನುವವರು ಪಿಸಿಓಡಿಯನ್ನು ನಂಬಿ ಕೂರಬೇಡಿ. ಮೊಟ್ಟೆ ಯಾವ ತಿಂಗಳು ಬರುತ್ತದೆಂದು ಹೇಳಲಾಗದು.

ಗಂಡಿನ ಕಡೆಯವರಿಗೆ ಹೇಳಬೇಕಾ?

ಇದಕ್ಕೆ ವೈದ್ಯಕೀಯದಲ್ಲಿ ಉತ್ತರವಿಲ್ಲ, ನನ್ನ ಅನಿಸಿಕೆ ಹೇಳುತ್ತೇನೆ. ನೆಂಟರಿಷ್ಟರಿಗೆಲ್ಲ ಹೇಳಬೇಕಾಗಿಲ್ಲ. ಹುಡುಗನಿಗೆ ಹುಡುಗಿಯೇ ಹೇಳಿದರೆ ಒಳ್ಳೆಯದು, ಹೇಳುವುದೂ ಬಿಡುವುದೂ ಅವಳ ತೀರ್ಮಾನ. "ಮದುವೆ ಮಾಡಿಬಿಡಿ, ಸರಿಹೋಗುತ್ತೆ" ಎನ್ನುವ ಮಾತನ್ನಂತೂ ನನ್ನ ಮುಂದೆ ಆಡಬೇಡಿ. ತಾಳಿ ಕಟ್ಟಿದರೆ ಇನ್ಸುಲಿನ್ ಸರಿಹೋಗುವುದಿಲ್ಲ.

ಆಯುರ್ವೇದ ಪುಡಿ, ಇನಾಸಿಟಾಲ್ ಸ್ಯಾಚೆಟ್ ತಗೊಳ್ಳಲಾ?

ಇನಾಸಿಟಾಲ್‌ನಿಂದ ಹಾನಿ ಕಡಿಮೆ, ಲಾಭಕ್ಕೆ ಪುರಾವೆಯೂ ತೆಳು. ದುಡ್ಡು ಮಿಕ್ಕಿದ್ದರೆ ತಗೊಳ್ಳಿ, ಅದಕ್ಕಾಗಿ ಕಾಳು ಮೊಟ್ಟೆ ಕೊಳ್ಳುವುದನ್ನು ನಿಲ್ಲಿಸಬೇಡಿ. "ಮೂರು ತಿಂಗಳಲ್ಲಿ ಪಿಸಿಓಡಿ ಮಾಯ" ಎನ್ನುವ ಹೆಸರಿಲ್ಲದ ಪುಡಿಯ ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲದಿದ್ದರೆ ಬಾಯಿಗೆ ಹಾಕಬೇಡಿ.

ಯಾವಾಗಲೂ ಬೇಜಾರು, ಅಳು. ಇದೂ ಅದರದ್ದೇನಾ?

ಇರಬಹುದು. ಪಿಸಿಓಡಿ ಇರುವವರಲ್ಲಿ ಖಿನ್ನತೆ, ಆತಂಕ ಇತರರಿಗಿಂತ ಹೆಚ್ಚು. ಹಾರ್ಮೋನಿನ ಪಾಲು ಎಷ್ಟೋ, "ದಪ್ಪಗಾಗಿದ್ದೀಯಲ್ಲೇ" ಎಂದು ಮದುವೆಮನೆಯಲ್ಲಿ ಮೂದಲಿಸುವವರ ಪಾಲು ಎಷ್ಟೋ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯಿಲ್ಲ ಎಂದರೆ ನಮಗೆ ಹೇಳಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ.

ಪೂರ್ತಿ ವಾಸಿಯಾಗುತ್ತಾ?

ಬೇರು ಸಮೇತ ಕಿತ್ತುಹಾಕುವ ಮದ್ದಿಲ್ಲ. ಹತೋಟಿಯಲ್ಲಿಡಬಹುದು, ವರ್ಷಗಟ್ಟಲೆ ನೆನಪಿಗೇ ಬಾರದಂತೆ ಇರಬಹುದು. ವಯಸ್ಸಾದಂತೆ ಎಷ್ಟೋ ಜನರಲ್ಲಿ ಮುಟ್ಟು ತಾನಾಗಿ ಹದಕ್ಕೆ ಬರುತ್ತದೆ. ಸಕ್ಕರೆ, ಬಿಪಿ, ಕೊಬ್ಬಿನ ಪರೀಕ್ಷೆ ಮಾತ್ರ ಆಮೇಲೂ ಬಿಡಬೇಡಿ. ಎರಡು ಮಕ್ಕಳಾದವು, ಇನ್ನೇನು ಎಂದು ಮರೆತ ಅಮ್ಮಂದಿರು ನಲವತ್ತೈದಕ್ಕೆ ಶುಗರ್ ಹೊತ್ತು ಬರುತ್ತಾರೆ.

ತೋರಿಸೋಕೆ ಎಲ್ಲಿಗೆ ಹೋಗಲಿ, ಏನು ತರಲಿ?

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ, ನಿಮ್ಮ ತಾಲ್ಲೂಕು ಆಸ್ಪತ್ರೆ, ಎಲ್ಲಿಗಾದರೂ ಸರಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂದೇ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ತರಬೇಕಾದ್ದು: ಹಿಂದಿನ ಆರು ತಿಂಗಳ ತಾರೀಖು, ನುಂಗುತ್ತಿರುವ ಎಲ್ಲ ಮಾತ್ರೆಯ ಖಾಲಿ ಪಟ್ಟಿಗಳು, ಹಳೆಯ ರಿಪೋರ್ಟು. ಗ್ಲೂಕೋಸ್ ಪರೀಕ್ಷೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಗುಟುಕು ಟೀ ಕುಡಿದರೂ ವಾಪಸ್ ಕಳಿಸುತ್ತೇವೆ. ಕ್ಯಾಲೆಂಡರ್ ಗೋಡೆಯಿಂದ ಕಿತ್ತು ತರಬೇಡಿ, ಫೋನಿನಲ್ಲಿ ಫೋಟೋ ಹೊಡೆದುಕೊಂಡು ಬನ್ನಿ. ಹಸುವಿನ ಗುರುತು ಯಾವುದು, ನಿಮ್ಮದು ಯಾವುದು ಎಂದು ಮಾತ್ರ ಹೇಳಿ.